ಟೆಂಡರ್ ಕಾನೂನನ್ನೇ ನಂಬಿ ವಕೀಲಿಕೆ ಮಾಡಬಹುದಾ?

ಎರಡನೇ ವರ್ಷದ ವಕೀಲೆ

ಎಲ್ಲರಿಗೂ ನಮಸ್ಕಾರ. ನಾನು ಸನ್ನದು ಪಡೆದು ಎರಡು ವರ್ಷ ಆಯಿತು. ಸಿವಿಲ್ ಆಫೀಸಿನಲ್ಲಿ ಜೂನಿಯರ್. ಇಲ್ಲಿವರೆಗೆ ಪಾಲು ವಿಭಾಗ, ಇಂಜಂಕ್ಷನ್, ಚೆಕ್ ಬೌನ್ಸ್ ಇಷ್ಟೇ ನೋಡಿದ್ದೆ. ಹೋದ ವಾರ ನಮ್ಮ ಸೀನಿಯರ್ ಒಂದು ಟೆಂಡರ್ ಫೈಲು ತಂದು ನನ್ನ ಮೇಜಿನ ಮೇಲೆ ಇಟ್ಟರು. ಕಕ್ಷಿದಾರರು ಸಣ್ಣ ಗುತ್ತಿಗೆದಾರರು. ರಸ್ತೆ ಕಾಮಗಾರಿ. ತಾಂತ್ರಿಕ ಬಿಡ್‌ನಲ್ಲೇ ಅಂದರೆ ಅರ್ಹತೆ ನೋಡುವ ಹಂತದಲ್ಲೇ ಅವರನ್ನು ಕೈಬಿಟ್ಟಿದ್ದಾರೆ. ಕಾರಣ ಇಷ್ಟೇ: ಚಾರ್ಟರ್ಡ್ ಅಕೌಂಟೆಂಟ್ ಕೊಟ್ಟ ವಹಿವಾಟು ಪತ್ರದ ಮೇಲೆ ಯುಡಿಐಎನ್ (ಪತ್ರ ಅಸಲಿಯೇ ಎಂದು ಪರಿಶೀಲಿಸಲು ಇರುವ ಗುರುತಿನ ಸಂಖ್ಯೆ) ಇರಲಿಲ್ಲ. ಈಗ ಇನ್ನೊಬ್ಬರ ಟೆಂಡರ್ ಅಂಗೀಕಾರವೂ ಆಗಿಬಿಟ್ಟಿದೆ.

ಮೂರು ರಾತ್ರಿ ಕೂತು ಆ ಟೆಂಡರ್ ದಾಖಲೆ ಪೂರ್ತಿ ಓದಿದೆ. ನಿಜ ಹೇಳಬೇಕೆಂದರೆ ಇಷ್ಟು ಆಸಕ್ತಿಯಿಂದ ಯಾವ ಫೈಲನ್ನೂ ಓದಿರಲಿಲ್ಲ. ಸರ್ಕಾರದ ದುಡ್ಡು ಹೇಗೆ ಖರ್ಚಾಗುತ್ತದೆ ಎನ್ನುವುದು ಅದರಲ್ಲಿ ಸಾಲು ಸಾಲಾಗಿ ಕಾಣುತ್ತದೆ. ಇದನ್ನೇ ಮುಖ್ಯ ಕೆಲಸ ಮಾಡಿಕೊಳ್ಳಬೇಕು ಅನಿಸುತ್ತಿದೆ. ಆದರೆ ಸ್ನೇಹಿತರು "ಅದು ದೊಡ್ಡ ಕಂಪನಿ, ದೊಡ್ಡ ಸೀನಿಯರ್‌ಗಳ ಲೋಕ, ನಿನಗೆ ಯಾರು ಬ್ರೀಫ್ ಕೊಡುತ್ತಾರೆ" ಅಂತಾರೆ. ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ಹೇಳಿ. ಜೀವನಪೂರ್ತಿ ಸಾಕಾಗುವಷ್ಟು ಕೆಲಸ ಇದೆಯಾ? ಎಲ್ಲಿಂದ ಶುರು ಮಾಡಲಿ?

ಕ್ಲಾಸ್ ಒನ್ ಗುತ್ತಿಗೆದಾರ

ಬನ್ನಿ ಮೇಡಂ, ಬೇಗ ಬನ್ನಿ. ನಮಗೆ ಟೆಂಡರ್ ಓದಿ ಹೇಳುವ ವಕೀಲರೇ ಸಿಗುವುದಿಲ್ಲ. ಕೋರ್ಟಿಗೆ ಹೋಗುವ ವಕೀಲರು ಬೇಕಾದಷ್ಟು ಇದ್ದಾರೆ.

ನನ್ನದೇ ಕಥೆ ಕೇಳಿ. ಒಂದು ರಸ್ತೆ ಕೆಲಸಕ್ಕೆ ದರ ಹಾಕಿದೆ. ಮೂಲ ದಾಖಲೆಯಲ್ಲಿ ಬೆಲೆ ಏರಿದರೆ ವ್ಯತ್ಯಾಸ ಕೊಡುವ ಷರತ್ತು ಇತ್ತು. ಬಿಡ್ ಮುಗಿಯಲು ನಾಲ್ಕು ದಿನ ಇರುವಾಗ ಪೋರ್ಟಲ್‌ನಲ್ಲಿ ಒಂದು ಕೊರಿಜೆಂಡಮ್ (ತಿದ್ದುಪಡಿ ಪ್ರಕಟಣೆ) ಹಾಕಿ ಆ ಷರತ್ತು ತೆಗೆದರು. ನಮ್ಮ ಆಫೀಸಿನ ಹುಡುಗ ಅದನ್ನು ನೋಡಲೇ ಇಲ್ಲ. ಕೆಲಸದ ನಡುವೆ ಡಾಂಬರಿನ ಬೆಲೆ ಏರಿತು. ಮನೆ ಪತ್ರ ಬ್ಯಾಂಕಿನಲ್ಲಿಟ್ಟು ಕೆಲಸ ಮುಗಿಸಿದೆ. ಆಮೇಲೆ ವಕೀಲರ ಹತ್ತಿರ ಹೋದರೆ "ನೀವೇ ಸಹಿ ಹಾಕಿದ್ದೀರಲ್ಲ" ಅಂದರು. ಅವರು ಹೇಳಿದ್ದೂ ಸರಿ. ಬಿಡ್ ಹಾಕುವ ಮೊದಲೇ ಒಬ್ಬರು ಓದಿ ಹೇಳಿದ್ದರೆ ದರ ಜಾಸ್ತಿ ಹಾಕುತ್ತಿದ್ದೆ, ಇಲ್ಲವೇ ಬಿಡುತ್ತಿದ್ದೆ.

ಹಳೇ ಕಡತ

ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಒಂದು ವಿಷಯ. ನಮ್ಮ ದೇಶದಲ್ಲಿ ಸರ್ಕಾರಿ ಖರೀದಿಗೆ ಕೇಂದ್ರದ ಕಾಯ್ದೆಯೇ ಇಲ್ಲ. 2012ರಲ್ಲಿ ಲೋಕಸಭೆಯಲ್ಲಿ ಒಂದು ಮಸೂದೆ ಮಂಡನೆ ಆಗಿತ್ತು. 2014ರಲ್ಲಿ ಲೋಕಸಭೆಯ ಅವಧಿಯ ಜೊತೆಗೇ ಅದೂ ಹೋಯಿತು. ಕೇಂದ್ರದ ಇಲಾಖೆಗಳು ನಡೆಯುವುದು 2017ರ ಸಾಮಾನ್ಯ ಹಣಕಾಸು ನಿಯಮಗಳು ಮತ್ತು ಖರೀದಿ ಕೈಪಿಡಿಗಳ ಮೇಲೆ. ರಾಜ್ಯಗಳಲ್ಲಿ ತಮಿಳುನಾಡು 1998ರಲ್ಲಿ ಕಾಯ್ದೆ ಮಾಡಿತು. ಮರು ವರ್ಷ ನಮ್ಮದು, ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಎಲ್ಲರೂ ಕೆಟಿಪಿಪಿ ಅನ್ನುತ್ತಾರೆ. 2000ದಲ್ಲಿ ನಿಯಮಗಳು ಬಂದವು. ಹಾಗಾಗಿ ನಮ್ಮ ರಾಜ್ಯದಲ್ಲಿ ಕೂತು ಈ ಕಾನೂನು ಕಲಿಯುವವರಿಗೆ ಕೈಗೆ ಹಿಡಿಯಲು ಒಂದು ಕಾಯ್ದೆ ಇದೆ. ಇದು ಸಣ್ಣ ಅನುಕೂಲ ಅಲ್ಲ.

ಇದೆಲ್ಲದರ ಬುಡದಲ್ಲಿ ಸಂವಿಧಾನ ಇದೆ. ವಿಧಿ 299ರ ಪ್ರಕಾರ ಸರ್ಕಾರದ ಕರಾರು ರಾಷ್ಟ್ರಪತಿ ಅಥವಾ ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರ ಇರುವವರ ಕೈಯಿಂದಲೇ ಆಗಬೇಕು. ವಿಧಿ 14 ಎಲ್ಲರನ್ನೂ ಸಮನಾಗಿ ನೋಡು ಅನ್ನುತ್ತದೆ. 1979ರ ರಮಣ ದಯಾರಾಮ್ ಶೆಟ್ಟಿ ತೀರ್ಪು ಓದಿ. ಮುಂಬೈ ವಿಮಾನ ನಿಲ್ದಾಣದ ರೆಸ್ಟೋರೆಂಟ್ ನಡೆಸುವ ಟೆಂಡರ್ ಅದು. ನೀನೇ ಹಾಕಿದ ಷರತ್ತನ್ನು ನೀನೇ ಮುರಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಆಮೇಲೆ 1994ರ ಟಾಟಾ ಸೆಲ್ಯುಲಾರ್. ಕೋರ್ಟು ನಿರ್ಧಾರ ತೆಗೆದುಕೊಂಡ ರೀತಿ ನೋಡುತ್ತದೆ, ನಿರ್ಧಾರವನ್ನೇ ಅಳೆಯಲು ಕೂರುವುದಿಲ್ಲ. 2007ರ ಜಗದೀಶ್ ಮಂಡಲ್ ಬಾಗಿಲನ್ನು ಇನ್ನೂ ಕಿರಿದು ಮಾಡಿತು. 2016ರ ಆಫ್ಕಾನ್ಸ್ ತೀರ್ಪಿನಲ್ಲಿ, ಟೆಂಡರ್ ದಾಖಲೆ ಬರೆದವರಿಗೇ ಅದರ ಅರ್ಥ ಚೆನ್ನಾಗಿ ಗೊತ್ತು ಎಂದಿತು.

ಇದರಿಂದ ನಾನು ಕಲಿತದ್ದು ಒಂದೇ. ಕೋರ್ಟಿನ ಬಾಗಿಲು ಕಿರಿದು. ಈ ವೃತ್ತಿ ನಿಂತಿರುವುದು ಕೋರ್ಟಿನ ಹೊರಗೆ. ಬಿಡ್ ಹಾಕುವ ಮೊದಲಿನ (ಪ್ರೀ-ಬಿಡ್) ಸಭೆಯಲ್ಲಿ ಕೇಳುವ ಪ್ರಶ್ನೆ, ಕೆಲಸದ ನಡುವೆ ಬರೆಯುವ ಪತ್ರ, ಅವಧಿ ವಿಸ್ತರಣೆಯ ಅರ್ಜಿ, ಸಹಿ ಹಾಕುವಾಗ ಬರೆಯುವ "ಆಕ್ಷೇಪಣೆಯೊಂದಿಗೆ" ಎಂಬ ಒಂದು ಪದ. ಹತ್ತು ವರ್ಷದ ನಂತರ ಪಂಚಾಯ್ತಿಯಲ್ಲಿ (ಆರ್ಬಿಟ್ರೇಷನ್) ಗೆಲ್ಲಿಸುವುದು ಇವೇ.

ಸುಮ್ನೆ ಓದುಗ

ಒಂದು ಸಂದೇಹ. ಕಡಿಮೆ ದರ ಹಾಕಿ ಎಲ್-1 ಆದ ಮೇಲೆ ಕೆಲಸ ಅವರಿಗೇ ಕೊಡಲೇಬೇಕು ಅಲ್ವಾ? ಅದು ಹಕ್ಕು ತಾನೇ?

ಮಾಜಿ ಎಜಿಎ

ಅಲ್ಲ. ಎಲ್-1 ಆದವರಿಗೆ ಕೆಲಸವೇ ಸಿಗಬೇಕೆಂಬ ಹಕ್ಕಿಲ್ಲ. ನ್ಯಾಯವಾಗಿ ಪರಿಗಣಿಸಬೇಕೆಂಬ ಹಕ್ಕು ಮಾತ್ರ. ಕಾರಣ ಬರೆದು ಎಲ್ಲ ಟೆಂಡರ್‌ಗಳನ್ನೂ ತಿರಸ್ಕರಿಸಬಹುದು. ನಮ್ಮ ಕಾಯ್ದೆಯಲ್ಲೇ ಸೆಕ್ಷನ್ 14 ಇದೆ. ಆದರೆ ಕಾರಣ ಸುಳ್ಳಾಗಿದ್ದರೆ ಅಥವಾ ಬೇಕಾದವರಿಗಾಗಿ ಮತ್ತೆ ಟೆಂಡರ್ ಕರೆದಿದ್ದರೆ ಕೋರ್ಟು ಸುಮ್ಮನಿರುವುದಿಲ್ಲ.

ನಾನು ಕೆಲವು ವರ್ಷ ಸರ್ಕಾರದ ಪರ ನಿಂತಿದ್ದೆ. ವಕೀಲೆ ಮೇಡಂಗೆ ಒಂದು ಮಾತು. ಸರ್ಕಾರದ ಕಡೆ ಕೆಲಸ ಮಾಡುವುದನ್ನೂ ಯೋಚಿಸಿ. ಟೆಂಡರ್ ದಾಖಲೆ ಸರಿಯಾಗಿ ಬರೆದರೆ ಮುಂದೆ ಹತ್ತು ಕೇಸು ಹುಟ್ಟುವುದೇ ಇಲ್ಲ. ಆ ಕೆಲಸಕ್ಕೆ ಜನ ತುಂಬಾ ಕಡಿಮೆ.

ಪೀಠದ ಮುಂದೆ

ಯುಡಿಐಎನ್ ವಿಷಯಕ್ಕೆ 1991ರ ಪೊದ್ದಾರ್ ಸ್ಟೀಲ್ ಹಾಕಿ. ಅಲ್ಲಿ ಸ್ಟೇಟ್ ಬ್ಯಾಂಕಿನ ಡಿಡಿ ಕೇಳಿದ್ದರು, ಬಿಡ್‌ದಾರರು ಯೂನಿಯನ್ ಬ್ಯಾಂಕಿನ ಪ್ರಮಾಣಿತ ಚೆಕ್ ಕೊಟ್ಟಿದ್ದರು. ಮುಖ್ಯ ಷರತ್ತು ಬೇರೆ, ಪೂರಕ ಷರತ್ತು ಬೇರೆ ಎಂದು ಸುಪ್ರೀಂ ಕೋರ್ಟು ಹೇಳಿದೆ. ಯುಡಿಐಎನ್ ಪೂರಕ ಷರತ್ತು. ಕೇಸು ಗೆದ್ದ ಹಾಗೇ.

ಹಳೇ ಕಡತ

ತಡೆಯಿರಿ, ಅಷ್ಟು ಸುಲಭ ಇಲ್ಲ. ಪೊದ್ದಾರ್ ಪ್ರಕರಣದಲ್ಲಿ ಇಲಾಖೆ ಆ ಚೆಕ್ಕನ್ನು ಒಪ್ಪಿತ್ತು. ಸೋತವರು ಪ್ರಶ್ನೆ ಮಾಡಿದ್ದರು. ಸಣ್ಣ ಕೊರತೆಯನ್ನು ಇಲಾಖೆ ಮನ್ನಿಸಬಹುದು ಎಂದು ಕೋರ್ಟು ಹೇಳಿದ್ದು. ಮನ್ನಿಸಲೇಬೇಕು ಎಂದಲ್ಲ. ಇಲ್ಲಿ ಇಲಾಖೆ ಒಪ್ಪಿಲ್ಲ, ತಿರಸ್ಕರಿಸಿದೆ. ಎದುರು ವಕೀಲರು ಎದ್ದು ನಿಂತ ಮೊದಲ ನಿಮಿಷದಲ್ಲೇ ಇದನ್ನು ಹೇಳುತ್ತಾರೆ. ತೀರ್ಪಿನ ಹೆಡ್‌ನೋಟ್ ಓದಿ ಕೋರ್ಟಿಗೆ ಹೋಗಬೇಡಿ. ಯಾರು ಏನು ಮಾಡಿದ್ದರು ಅನ್ನುವ ಸಂಗತಿ ಓದಿ.

ಪೀಠದ ಮುಂದೆ

ಸರಿ ಸರ್, ಒಪ್ಪಿದೆ. ಆ ವ್ಯತ್ಯಾಸ ನನ್ನ ಗಮನಕ್ಕೆ ಬಂದಿರಲಿಲ್ಲ.

ನಿವೃತ್ತ ಎಇಇ

ನಾನು ಇನ್ನೊಂದು ಬದಿಯಿಂದ ಹೇಳುತ್ತೇನೆ. ಟೆಂಡರ್ ಪರಿಶೀಲನೆಗೆ ಕೂತ ಇಂಜಿನಿಯರ್‌ಗೆ ಎರಡು ಕಡೆಯೂ ಭಯ. ಯುಡಿಐಎನ್ ಇಲ್ಲದ ಪತ್ರ ಒಪ್ಪಿದರೆ ಇನ್ನೊಬ್ಬ ಬಿಡ್‌ದಾರ ದೂರು ಕೊಡುತ್ತಾನೆ, ಆಡಿಟ್‌ನವರು ಆಕ್ಷೇಪಣೆ ಬರೆಯುತ್ತಾರೆ. ತಿರಸ್ಕರಿಸಿದರೆ ಕೇಸು. ತಿರಸ್ಕರಿಸುವುದೇ ಕ್ಷೇಮ ಅನಿಸುತ್ತದೆ. ಎಲ್ಲರೂ ದುಡ್ಡು ತಿಂದೇ ಹೀಗೆ ಮಾಡುತ್ತಾರೆ ಅಂದುಕೊಳ್ಳಬೇಡಿ.

ಮೇಡಂ, ನೀವು ನೋಡಬೇಕಾದ್ದು ಬೇರೆ. ಗೆದ್ದವರ ಬಿಡ್‌ನಲ್ಲಿ ಏನಾದರೂ ಕೊರತೆ ಇತ್ತಾ? ಇದ್ದರೆ ಅವರಿಗೆ ಪತ್ರ ಬರೆದು ಸ್ಪಷ್ಟೀಕರಣ ಕೇಳಿದರಾ? ಅವರಿಗೆ ಕೇಳಿ ನಿಮ್ಮವರಿಗೆ ಕೇಳದೇ ಹೋಗಿದ್ದರೆ ನಿಮ್ಮ ಕೇಸು ಅಲ್ಲಿದೆ. ಮೌಲ್ಯಮಾಪನ ವರದಿಯ ಪ್ರತಿ ಕೈಗೆ ಬರುವವರೆಗೆ ಒಂದು ಸಾಲೂ ಬರೆಯಬೇಡಿ.

ಎರಡನೇ ವರ್ಷದ ವಕೀಲೆ

ಇದು ನನಗೆ ಹೊಳೆದೇ ಇರಲಿಲ್ಲ ಸರ್. ತುಂಬಾ ಧನ್ಯವಾದ. ಆರ್‌ಟಿಐ ಹಾಕಲಾ?

ಮಾಜಿ ಎಜಿಎ

ಆರ್‌ಟಿಐ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅದಕ್ಕೆ ಉತ್ತರ ಕೊಡಲು 30 ದಿನ. ಕೆಟಿಪಿಪಿ ಸೆಕ್ಷನ್ 16ರ ಮೇಲ್ಮನವಿಗೂ 30 ದಿನ. ಉತ್ತರ ಕಾಯುತ್ತಾ ಕೂತರೆ ಮೇಲ್ಮನವಿಯ ಅವಧಿಯೇ ಮುಗಿದುಹೋಗುತ್ತದೆ. ಕಕ್ಷಿದಾರರ ಕೈಯಲ್ಲಿ ಇವತ್ತೇ ಇಲಾಖೆಗೆ ಲಿಖಿತ ಮನವಿ ಕೊಡಿಸಿ. ಪೋರ್ಟಲ್‌ನಲ್ಲಿ ಏನೇನು ಕಾಣುತ್ತದೆಯೋ ಎಲ್ಲ ತೆಗೆದಿಟ್ಟುಕೊಳ್ಳಿ.

ಕ್ಲಾಸ್ ಒನ್ ಗುತ್ತಿಗೆದಾರ

ಮೇಲ್ಮನವಿ ಯಾಕೆ ಸರ್? ನೇರ ಹೈಕೋರ್ಟಿಗೆ ಹೋಗಿ ಸ್ಟೇ ತರಬೇಕು. ಮೇಲ್ಮನವಿ ಕೇಳುವವರೂ ಅದೇ ಸರ್ಕಾರದವರು. ಅವರು ತೀರ್ಮಾನ ಮಾಡುವಷ್ಟರಲ್ಲಿ ರಸ್ತೆ ಅರ್ಧ ಆಗಿರುತ್ತದೆ.

ಮಾಜಿ ಎಜಿಎ

ನೇರ ರಿಟ್ ಹಾಕಿದರೆ ಮೊದಲ ದಿನವೇ ಕೇಳುವ ಪ್ರಶ್ನೆ: "ಮೇಲ್ಮನವಿ ಹಾಕಿದ್ದೀರಾ?" ಕಾಯ್ದೆಯೇ ದಾರಿ ಕೊಟ್ಟಿರುವಾಗ ಅದನ್ನು ಬಿಟ್ಟು ಬರುವುದಕ್ಕೆ ಬಲವಾದ ಕಾರಣ ಬೇಕು.

ಇನ್ನು ಸ್ಟೇ. 2018ರಲ್ಲಿ ನಿರ್ದಿಷ್ಟ ಪರಿಹಾರ ಕಾಯ್ದೆಗೆ 20ಎ ಸೇರಿತು. ರಸ್ತೆಯಂಥ ಮೂಲಸೌಕರ್ಯ ಯೋಜನೆ ತಡವಾಗುವಂಥ ತಡೆಯಾಜ್ಞೆ ಕೊಡಬಾರದು ಅನ್ನುತ್ತದೆ. 2022ರ ಎನ್.ಜಿ. ಪ್ರಾಜೆಕ್ಟ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ರಿಟ್ ಕೋರ್ಟುಗಳಿಗೂ ಇದೇ ಎಚ್ಚರಿಕೆ ಕೊಟ್ಟಿದೆ. ತಪ್ಪು ಆಗಿದ್ದರೂ ಟೆಂಡರ್ ನಿಲ್ಲಿಸುವುದಕ್ಕಿಂತ ಪರಿಹಾರದ ಕಡೆ ಕಳಿಸಿ ಎಂದಿದೆ.

ಕ್ಲಾಸ್ ಒನ್ ಗುತ್ತಿಗೆದಾರ

ಪರಿಹಾರ ತಗೊಂಡು ಏನು ಮಾಡಲಿ? ಟೆಂಡರ್ ಸಿಗದೇ ಹೋದವನು ಎಷ್ಟು ನಷ್ಟ ಆಯಿತು ಅಂತ ಹೇಗೆ ತೋರಿಸಬೇಕು? ಎಷ್ಟು ವರ್ಷ ಅಲೆಯಬೇಕು? ಕೆಲಸ ಮಾಡಿದ ಅನುಭವ ಪತ್ರ ಇದ್ದರೆ ತಾನೇ ಮುಂದಿನ ಟೆಂಡರ್‌ಗೆ ಅರ್ಹತೆ. ಒಂದು ಕೆಲಸ ತಪ್ಪಿದರೆ ಮುಂದಿನ ಮೂರು ತಪ್ಪುತ್ತವೆ. ಆ ನಷ್ಟಕ್ಕೆ ಯಾವ ಕೋರ್ಟೂ ದುಡ್ಡು ಕೊಟ್ಟಿದ್ದು ನಾನು ನೋಡಿಲ್ಲ.

ನಿವೃತ್ತ ಎಇಇ

ನಿಮ್ಮ ಸಂಕಟ ಅರ್ಥ ಆಗುತ್ತದೆ. ಆದರೆ ನಾನು ಕೆಲಸ ಮಾಡಿದ ಒಂದು ತಾಲ್ಲೂಕಿನಲ್ಲಿ ಸೇತುವೆ ಕೆಲಸ ಸ್ಟೇ ಆಗಿ ಎರಡು ಮಳೆಗಾಲ ನಿಂತಿತ್ತು. ಹಳ್ಳ ತುಂಬಿದಾಗ ಮಕ್ಕಳು ಶಾಲೆಗೆ ಹೋಗಲಾಗುತ್ತಿರಲಿಲ್ಲ. ಊರಿನವರು ನನ್ನ ಆಫೀಸಿಗೆ ಬಂದು ಕೂರುತ್ತಿದ್ದರು. ಅವರಿಗೆ ಎಲ್-1, ಎಲ್-2 ಯಾವುದೂ ಬೇಕಿರಲಿಲ್ಲ. ಸೇತುವೆ ಬೇಕಿತ್ತು.

ಹಳೇ ಕಡತ

ಇಬ್ಬರ ಮಾತೂ ನಿಜ. ನನಗೆ ಈ ಕಾನೂನಿನ ಮೇಲೆ ಪ್ರೀತಿ ಬಂದದ್ದೂ ಇದೇ ಜಾಗದಲ್ಲಿ. ಆದರೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕೋರ್ಟು ಸ್ಟೇ ಕೊಡಲು ಹಿಂಜರಿಯುವುದು ಸರಿ. ಆದರೆ ಹಾಗೆ ಹಿಂಜರಿಯುವಾಗ ಮೇಲ್ಮನವಿ ವ್ಯವಸ್ಥೆ ಚುರುಕಾಗಿರಬೇಕು, ಸ್ವತಂತ್ರವಾಗಿರಬೇಕು. ಅದು ಆಗಿಲ್ಲ. ಮೇಲ್ಮನವಿ ಕೇಳುವವರು ಅದೇ ಇಲಾಖೆಯ ಮೇಲಿನವರಾದರೆ ಸೋತವರಿಗೆ ನಂಬಿಕೆ ಎಲ್ಲಿಂದ ಬರಬೇಕು?

ಧಾರವಾಡದ ಅಕ್ಕ

ತಂಗಿ, ನಿನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ದೊಡ್ಡವರ ಲೋಕ ಅಂತ ಹೆದರಬೇಡ. ನಾನು ಶುರು ಮಾಡಿದ್ದು ಕಪ್ಪುಪಟ್ಟಿ ಪ್ರಕರಣದಿಂದ. ಒಬ್ಬ ಗುತ್ತಿಗೆದಾರರಿಗೆ ಇಲಾಖೆ ನೋಟಿಸು ಕೊಟ್ಟಿತ್ತು. ಅವರ ಸೈಟಿನ ಲೆಕ್ಕದ ಹುಡುಗ ನಾಲ್ಕು ಸಾಲಿನ ಉತ್ತರ ಬರೆದು "ತಪ್ಪಾಗಿದೆ, ಕ್ಷಮಿಸಿ" ಅಂತ ಕಳಿಸಿದ್ದ! ಅದರ ಮೇಲೆ ಮೂರು ವರ್ಷ ಕಪ್ಪುಪಟ್ಟಿಗೆ ಹಾಕಿದರು. ಆ ಮನುಷ್ಯ ನನ್ನ ಮುಂದೆ ಕೂತು ಅತ್ತರು. ಮೂವತ್ತು ಜನ ಕೂಲಿಯವರು ಅವರನ್ನೇ ನಂಬಿದ್ದರು.

ನೋಟಿಸು ತೆಗೆದು ನೋಡಿದೆ. ಕಪ್ಪುಪಟ್ಟಿಗೆ ಹಾಕುತ್ತೇವೆ ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ಕರಾರು ರದ್ದು ಅಂತ ಮಾತ್ರ ಇತ್ತು. 1975ರ ಎರೂಷಿಯನ್ ತೀರ್ಪಿನಿಂದಲೂ ಕಪ್ಪುಪಟ್ಟಿಗೆ ಮುನ್ನ ಅವಕಾಶ ಕೊಡಬೇಕೆಂಬ ನಿಯಮ ಇದೆ. 2014ರ ಗೋರ್ಖಾ ಸೆಕ್ಯುರಿಟಿ ತೀರ್ಪು, ಆ ಕ್ರಮ ಉದ್ದೇಶಿಸಿದ್ದೇವೆ ಎಂಬುದು ನೋಟಿಸಿನಿಂದಲೇ ಗೊತ್ತಾಗಬೇಕು ಅಂತ ಹೇಳಿದೆ. ಆ ಒಂದು ಅಂಶದ ಮೇಲೆ ಆದೇಶ ರದ್ದಾಯಿತು. ಅವರು ನಾಲ್ಕು ಜನರಿಗೆ ಹೇಳಿದರು. ಆ ನಾಲ್ವರು ಇನ್ನೂ ನಾಲ್ವರಿಗೆ. ಬ್ರೀಫು ಬರುವುದು ಹೀಗೆ.

ಇನ್ನೊಂದು. ಸೈಟಿಗೆ ಹೋಗು. ಹೆಣ್ಣುಮಕ್ಕಳು ಅಲ್ಲಿಗೆಲ್ಲ ಯಾಕೆ ಅನ್ನುವವರು ಇರುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ. ಅಳತೆ ಪುಸ್ತಕ (ಎಂ.ಬಿ.) ಓದುವುದನ್ನು ಒಬ್ಬ ಜೂನಿಯರ್ ಇಂಜಿನಿಯರ್ ಹತ್ತಿರ ಕೂತು ಕಲಿ. ಎಂ.ಬಿ. ಓದಲು ಬಾರದ ವಕೀಲರು ಬಿಲ್ಲಿನ ಕೇಸಿನಲ್ಲಿ ಕಣ್ಣು ಕಟ್ಟಿಕೊಂಡು ನಡೆದ ಹಾಗೆ.

ಉಪಗುತ್ತಿಗೆ ಸೋಮಾರಿಯಲ್ಲ

ಬಿಲ್ಲಿನ ಮಾತು ಬಂತಲ್ಲ, ಒಂದು ಕೇಳುತ್ತೇನೆ. ಕೆಲಸ ಮುಗಿಸಿ ಎರಡು ವರ್ಷ ಆಯಿತು, ಬಿಲ್ಲು ಬಂದಿಲ್ಲ. ಸಣ್ಣ ಉದ್ಯಮಗಳ ಎಂಎಸ್ಎಂಇ ಕಾಯ್ದೆಯಲ್ಲಿ 45 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ ಮೂರು ಪಟ್ಟು ಬಡ್ಡಿ ಅಂತಾರೆ. ನನಗೂ ಸಿಗುತ್ತಾ?

ಕಂಪನಿ ವಕೀಲ

2006ರ ಕಾಯ್ದೆ ಅದು. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ಆ ಕಾಯ್ದೆಯಡಿ ಇಂಥ ವಿವಾದ ಕೇಳುವ ಕೌನ್ಸಿಲ್ಲಿನ ತೀರ್ಪನ್ನು ಪ್ರಶ್ನಿಸಬೇಕಾದರೆ ಕೊಡಬೇಕಾದವರು ಶೇ. 75 ಮೊದಲು ಠೇವಣಿ ಇಡಬೇಕು. ಸರಕು ಪೂರೈಸುವವರಿಗೆ ತುಂಬಾ ಬಲವಾದ ಅಸ್ತ್ರ. ಆದರೆ ಕಾಮಗಾರಿ ಗುತ್ತಿಗೆಗೆ ಇದು ಅನ್ವಯಿಸದು ಎಂದು ಕೆಲವು ಹೈಕೋರ್ಟುಗಳು ಹೇಳಿವೆ. ನಿಮ್ಮ ಕರಾರು ಯಾವ ಥರದ್ದು ಅಂತ ನೋಡದೆ ಹೇಳಲಾಗದು. ಮೂರು ವರ್ಷದ ಕಾಲಮಿತಿ ಮಾತ್ರ ಮರೆಯಬೇಡಿ. "ಕೊಡ್ತೀವಿ, ಕೊಡ್ತೀವಿ" ಅನ್ನುವ ಬಾಯಿಮಾತಿಗೆ ಕಾಲ ನಿಲ್ಲುವುದಿಲ್ಲ.

ಮೂಲ ಪ್ರಶ್ನೆಗೂ ಒಂದು ಮಾತು. ಪಂಚಾಯ್ತಿ ಕಾನೂನು ಈಗ ಅಲುಗಾಡುತ್ತಿದೆ. 2024ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, 10 ಕೋಟಿ ರೂಪಾಯಿಗಿಂತ ಕಡಿಮೆಯ ವಿವಾದಗಳಿಗೆ ಮಾತ್ರ ಸಾಮಾನ್ಯವಾಗಿ ಪಂಚಾಯ್ತಿ ಷರತ್ತು ಇರಲಿ, ದೊಡ್ಡವಕ್ಕೆ ಮಧ್ಯಸ್ಥಿಕೆ (ಮೀಡಿಯೇಷನ್) ನೋಡಿ ಎಂದು ಸೂಚನೆ ಕೊಟ್ಟಿತು. ಅದೇ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ, ಸರ್ಕಾರಿ ಕರಾರಿನಲ್ಲಿ ಒಂದೇ ಕಡೆಯವರು ಪಂಚರನ್ನು ನೇಮಿಸುವುದು ವಿಧಿ 14ಕ್ಕೆ ವಿರುದ್ಧ ಎಂದಿತು. ಹಳೇ ನಮೂನೆಯ ಷರತ್ತುಗಳನ್ನೆಲ್ಲ ತಿದ್ದಬೇಕು. ಜೊತೆಗೆ ಯುಎಇ ಜೊತೆಗಿನ ವ್ಯಾಪಾರ ಒಪ್ಪಂದದಲ್ಲಿ ಸರ್ಕಾರಿ ಖರೀದಿಯ ಅಧ್ಯಾಯವೇ ಇದೆ, 2022ರಿಂದ ಜಾರಿಯಲ್ಲಿದೆ. ಕೆಲಸಕ್ಕೆ ಬರ ಇಲ್ಲ. ಓದುವವರಿಗೆ ಬರ.

ಲೆಕ್ಕ ತಪಾಸಣೆ

ಎಲ್ಲರೂ ಟೆಂಡರ್ ಕರೆದ ಮೇಲಿನ ಕಥೆ ಹೇಳುತ್ತಿದ್ದೀರಿ. ಟೆಂಡರ್ ಕರೆಯದೇ ಕೊಡುವ ಕೆಲಸಗಳ ಕಥೆ? 4ಜಿ ವಿನಾಯಿತಿ ಬಗ್ಗೆ ಯಾರೂ ಮಾತಾಡಲಿಲ್ಲ.

ಸುಮ್ನೆ ಓದುಗ

4ಜಿ ಅಂದರೆ?

ಲೆಕ್ಕ ತಪಾಸಣೆ

ಕೆಟಿಪಿಪಿ ಕಾಯ್ದೆಯ ಸೆಕ್ಷನ್ 4ರ ಜಿ ಖಂಡ. ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಗೆ ಟೆಂಡರ್‌ನಿಂದ ವಿನಾಯಿತಿ ಕೊಡಬಹುದು. ಪ್ರಕೃತಿ ವಿಕೋಪದಂಥ ತುರ್ತಿಗೆ ಅದೇ ಸೆಕ್ಷನ್ನಿನಲ್ಲಿ ಬೇರೆ ಅವಕಾಶ ಇದೆ. ತುರ್ತು ನಿಜವಾಗಿದ್ದರೆ ಯಾರ ತಕರಾರೂ ಇಲ್ಲ. ಆದರೆ ಆರು ತಿಂಗಳ ಮೊದಲೇ ಗೊತ್ತಿದ್ದ ಕೆಲಸಕ್ಕೆ ಕೊನೆಯ ವಾರದಲ್ಲಿ ತುರ್ತು ಬರುವುದನ್ನು ಕಡತದಲ್ಲಿ ನೋಡಿದಾಗ ಹೊಟ್ಟೆ ಉರಿಯುತ್ತದೆ. ಇಂಥದ್ದನ್ನು ಪ್ರಶ್ನಿಸುವ ವಕೀಲರೂ ಬೇಕು. ಅವರಿಗೆ ಫೀಸು ಕೊಡುವವರು ಯಾರೂ ಇರುವುದಿಲ್ಲ, ಆದರೂ ಬೇಕು.

ಕನ್ನಡ ಕರಡು

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. ಟೆಂಡರ್ ದಾಖಲೆ ಕನ್ನಡದಲ್ಲಿ ಯಾಕಿಲ್ಲ? ಪ್ರಕಟಣೆ ಕನ್ನಡ ಪತ್ರಿಕೆಯಲ್ಲಿ ಬರುತ್ತದೆ. ಒಳಗಿನ ನೂರು ಪುಟದ ಷರತ್ತು ಇಂಗ್ಲಿಷಿನಲ್ಲಿ. ಅದಕ್ಕೆ ಸಹಿ ಹಾಕುವವರು ಹಳ್ಳಿಯ ಗುತ್ತಿಗೆದಾರರು.

ಕ್ಲಾಸ್ ಒನ್ ಗುತ್ತಿಗೆದಾರ

ಇದು ನೂರಕ್ಕೆ ನೂರು ನಿಜ. ಕೆಡಬ್ಲ್ಯೂ-4 ಎಂಬ ಟೆಂಡರ್ ನಮೂನೆ ನಾನು ಹದಿನೈದು ವರ್ಷದಿಂದ ತುಂಬುತ್ತಿದ್ದೇನೆ. ವಿವಾದ ಬಂದರೆ ಎಷ್ಟು ದಿನದಲ್ಲಿ ಬರೆದು ಕೊಡಬೇಕು ಅನ್ನುವುದು ಈಗೀಗ ಗೊತ್ತಾಯಿತು.

ನಿವೃತ್ತ ಎಇಇ

ಕನ್ನಡ ಮಾಡಿದರೆ ಒಂದು ಪದಕ್ಕೆ ಎರಡು ಅರ್ಥ ಬಂದು ಹೊಸ ಜಗಳ ಹುಟ್ಟುತ್ತದೆ ಅನ್ನುವ ಭಯ ಇಲಾಖೆಯಲ್ಲಿ ಇದೆ.

ಕನ್ನಡ ಕರಡು

ಇಂಗ್ಲಿಷಿನಲ್ಲಿ ಜಗಳ ಇಲ್ಲವಾ ಸರ್? ಈ ಚರ್ಚೆಯಲ್ಲಿ ಬಂದ ತೀರ್ಪುಗಳೆಲ್ಲ ಇಂಗ್ಲಿಷ್ ದಾಖಲೆಗಳ ಮೇಲಿನ ಜಗಳವೇ. ಕೊನೇ ಪಕ್ಷ ಗಡುವು, ಠೇವಣಿ, ದಂಡ, ವಿವಾದ ಈ ನಾಲ್ಕು ಭಾಗದ ಸಾರವನ್ನು ಎರಡು ಪುಟ ಕನ್ನಡದಲ್ಲಿ ಕೊಡಲಿ.

ಹಳೇ ಕಡತ

ಒಳ್ಳೆಯ ಮಾತು. ವಕೀಲೆ ಮೇಡಂ, ನಿಮ್ಮ ಮೊದಲ ಕೆಲಸ ಇದೇ ಆಗಬಹುದು. ನಿಮ್ಮ ಕಕ್ಷಿದಾರರಿಗೆ ಅವರ ಕರಾರಿನ ಎರಡು ಪುಟದ ಕನ್ನಡ ಸಾರ ಬರೆದುಕೊಡಿ. ಅವರು ನಿಮ್ಮನ್ನು ಬಿಟ್ಟು ಬೇರೆ ಕಡೆ ಹೋಗುವುದಿಲ್ಲ.

ಅನುಮಾನ

ಎಲ್ಲ ಸರಿ. ಆದರೆ ಈ ಕ್ಷೇತ್ರದಲ್ಲಿ ವಕೀಲರು ಕೊನೆಗೆ ಮಧ್ಯವರ್ತಿ ಆಗಿಬಿಡುತ್ತಾರೆ ಅನ್ನುವ ಮಾತಿದೆಯಲ್ಲ? "ಒಂದು ಮಾತು ಹೇಳಿಸಿ" ಅಂತ ಬರುವವರೇ ಜಾಸ್ತಿ ಅಂತ ಕೇಳಿದ್ದೇನೆ.

ಧಾರವಾಡದ ಅಕ್ಕ

ಬರುತ್ತಾರೆ. ನನ್ನ ಹತ್ತಿರವೂ ಬಂದರು. ಮೂವರು ಗುತ್ತಿಗೆದಾರರು ಒಟ್ಟಿಗೆ ಬಂದು "ಈ ಸಲ ಇವರಿಗೆ, ಮುಂದಿನ ಸಲ ನಮಗೆ, ದರ ಹೀಗೆ ಹಾಕ್ತೀವಿ, ಕಾಗದ ಸರಿಯಾಗಿರುವ ಹಾಗೆ ನೋಡಿ" ಅಂದರು. ಅದು ಸ್ಪರ್ಧಾ ಕಾಯ್ದೆಯಲ್ಲಿ ನೇರ ಅಪರಾಧ, ನಾನು ಮಾಡುವುದಿಲ್ಲ ಅಂದೆ. ಇಬ್ಬರು ಮತ್ತೆ ಬರಲಿಲ್ಲ. ಒಬ್ಬರು ಆರು ತಿಂಗಳ ಮೇಲೆ ಒಂಟಿಯಾಗಿ ಬಂದರು, ಈಗಲೂ ನನ್ನ ಕಕ್ಷಿದಾರರು.

ಪೀಠದ ಮುಂದೆ

ಅಕ್ಕ, ಸಣ್ಣ ತಿದ್ದುಪಡಿ. ಸೆಕ್ಷನ್ 3ರ ಅಡಿ ಬಿಡ್ ಹೊಂದಾಣಿಕೆಗೆ ಸ್ಪರ್ಧಾ ಆಯೋಗ ಹಾಕುವುದು ದಂಡ. ಕ್ರಿಮಿನಲ್ ಅರ್ಥದ ಅಪರಾಧ ಅಲ್ಲ.

ಧಾರವಾಡದ ಅಕ್ಕ

ಸರಿ ತಮ್ಮ, ಉಲ್ಲಂಘನೆ ಅನ್ನೋಣ. ನನ್ನ ಉತ್ತರ ಆಗಲೂ ಅದೇ, ಈಗಲೂ ಅದೇ.

ಎರಡನೇ ವರ್ಷದ ವಕೀಲೆ

ನಾಲ್ಕು ದಿನ ಇಲ್ಲಿಗೆ ಬರಲಾಗಲಿಲ್ಲ. ಎಲ್ಲವನ್ನೂ ಈಗ ಓದಿದೆ. ಎರಡು ಸುದ್ದಿ ಇದೆ.

ಎಜಿಎ ಸರ್ ಹೇಳಿದ ಹಾಗೆ ಕಕ್ಷಿದಾರರ ಕೈಯಲ್ಲಿ ಮನವಿ ಕೊಡಿಸಿ, ಅವರ ಜೊತೆ ನಾನೂ ಕಚೇರಿಗೆ ಹೋದೆ. ಎರಡು ಸಲ ನಾಳೆ ಬನ್ನಿ ಅಂದರು. ಮೂರನೇ ದಿನ ಮೌಲ್ಯಮಾಪನ ವರದಿಯ ಪ್ರತಿ ಸಿಕ್ಕಿತು. ಗೆದ್ದವರ ಯಂತ್ರೋಪಕರಣ ಪಟ್ಟಿಗೆ ಸಹಿಯೇ ಇರಲಿಲ್ಲ. ಇಲಾಖೆ ಪತ್ರ ಬರೆದು, ಸಹಿ ಮಾಡಿದ ಪಟ್ಟಿ ತರಿಸಿಕೊಂಡು ಒಪ್ಪಿದೆ. ನಮ್ಮವರಿಗೆ ಯುಡಿಐಎನ್ ಕೇಳಿ ಒಂದು ಸಾಲೂ ಬರೆದಿಲ್ಲ. ಆ ಪುಟ ಓದುವಾಗ ನನ್ನ ಕೈ ನಡುಗಿತು.

ಎರಡನೆಯದು ದಿನದ ಲೆಕ್ಕ. ಕಕ್ಷಿದಾರರು ಅಂಚೆಯಲ್ಲಿ ಆದೇಶ ಬಂದ ದಿನದಿಂದ ಎಣಿಸುತ್ತಿದ್ದರು. ಅವರ ಇಮೇಲ್ ತೆಗೆಸಿ ನೋಡಿದೆ. ಆದೇಶದ ಪ್ರತಿ ಅದಕ್ಕಿಂತ ಹನ್ನೊಂದು ದಿನ ಮೊದಲೇ ಬಂದು ಕೂತಿದೆ. ಆ ಲೆಕ್ಕದಲ್ಲಿ ಉಳಿದಿರುವುದು ಐದೇ ದಿನ.

ಮಾಜಿ ಎಜಿಎ

ಇಮೇಲ್ ದಿನವನ್ನೇ ಹಿಡಿಯಿರಿ. ಅಂಚೆ ದಿನದ ವಾದಕ್ಕೆ ಹೋಗಬೇಡಿ.

ನಿವೃತ್ತ ಎಇಇ

ಇಲಾಖೆ ಗೆದ್ದವರಿಗೆ ಬರೆದ ಪತ್ರದ ದಿನಾಂಕ, ನಿಮ್ಮವರನ್ನು ತಿರಸ್ಕರಿಸಿದ ದಿನಾಂಕ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದೇ ಸಭೆಯಲ್ಲಿ ಎರಡೂ ತೀರ್ಮಾನ ಆಗಿದ್ದರೆ ಇನ್ನೂ ಬಲ.

ಹಳೇ ಕಡತ

ಅದನ್ನೇ ಮೊದಲ ಆಧಾರ ಮಾಡಿ. ಯುಡಿಐಎನ್ ಪೂರಕ ಷರತ್ತು ಅನ್ನುವುದು ಎರಡನೆಯದಾಗಲಿ. ಕರಡು ಆದ ಮೇಲೆ ಹೆಸರು, ಊರು ತೆಗೆದು ನನಗೆ ಕಳಿಸಿ. ಭಾನುವಾರ ರಾತ್ರಿಯೊಳಗೆ ಓದಿಕೊಡುತ್ತೇನೆ.

ಎರಡನೇ ವರ್ಷದ ವಕೀಲೆ

ಒಂದೇ ಸಭೆ ಸರ್. ನಡಾವಳಿಯಲ್ಲಿ ಅವರದು ಆರನೇ ಕಂಡಿಕೆ, ನಮ್ಮದು ಏಳನೆಯದು. ಈಗ ಬರೆಯಲು ಕೂರುತ್ತೇನೆ.